ಸೇವೆಗೆ ಸೇರಿದ ಮೇಲೆ ಮನಸ್ಸು ಮುರಿದರೆ?



ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ನಮ್ಮ ಮನೆಗಳಿಗೆ ಮಿಲಿಟರಿ ಹೊಸದಲ್ಲ. ಮಳೆ ನಂಬಿದ ಹೊಲ, ಇಬ್ಬರು ಮೂವರು ಗಂಡುಮಕ್ಕಳು. ಅವರಲ್ಲೊಬ್ಬ ಸೈನ್ಯಕ್ಕೆ ಭರ್ತಿಯಾಗಿ ಬೆಳಗಾವಿಯ ಮರಾಠಾ ಪಡೆಯ ತರಬೇತಿ ಕೇಂದ್ರಕ್ಕೋ ಇನ್ನೆಲ್ಲಿಗೋ ಹೊರಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೊರಡುವಾಗ ಆರತಿ, ಹಾರ, ಮಠದ ಆಶೀರ್ವಾದ. ಅದೇ ಹುಡುಗ ಸೂಟಿಗೆ ಬಂದು "ನನಗೆ ಅಲ್ಲಿ ಮನಸ್ಸಿಲ್ಲ" ಎಂದರೆ ಮನೆಯವರು ಏನು ಹೇಳಬೇಕು?

ಕೆಲವರು "ಒಪ್ಪಿದ ಕಾಯಕ ಬಿಡಬಾರದು" ಎಂದು ಅವನ ಬಾಯಿ ಮುಚ್ಚಿಸುತ್ತಾರೆ. ಕೆಲವರು "ಬಿಟ್ಟು ಬಾ" ಎನ್ನುತ್ತಾರೆ. ಎರಡೂ ಅವಸರದ ಮಾತು. ಮನಸ್ಸು ಯಾತಕ್ಕೆ ಮುರಿಯಿತು ಎಂಬುದನ್ನು ಮೊದಲು ಕೇಳಬೇಕು.

ಕಷ್ಟಕ್ಕೆ ಮುರಿದಿದ್ದರೆ ಅದಕ್ಕೆ ಧೈರ್ಯವೇ ಮದ್ದು. ನೇಗಿಲು ಹಿಡಿದ ಕೈಗೂ ಮೊದಲು ಬೊಬ್ಬೆ ಬರುತ್ತದೆ.

ಅರ್ಧ ತಿಳಿದು ಹೋದದ್ದಕ್ಕೆ ಮುರಿದಿದ್ದರೆ ತಪ್ಪು ಅವನೊಬ್ಬನದಲ್ಲ. ಹದಿನೈದು ವರ್ಷ ದುಡಿದು ಪೆನ್ಶನ್ ಪಡೆದ ಕಾಕಾನನ್ನು ತೋರಿಸಿ ನಾವು ಹುಡುಗನನ್ನು ಕಳಿಸಿದೆವು. ಆದರೆ 2022ರ ಜೂನ್‌ನಲ್ಲಿ ಸಾರಿದ ಅಗ್ನಿಪಥದ ಕರಾರು ಬೇರೆ. ಸೇವೆ ನಾಲ್ಕು ವರ್ಷ. ಬಳಿಕ ನೂರಕ್ಕೆ ಹೆಚ್ಚೆಂದರೆ 25 ಜನ ಉಳಿಯುವರು. ಮೊದಲ ವರ್ಷದ ಪಗಾರ ತಿಂಗಳಿಗೆ 30,000 ರೂಪಾಯಿ, ಕೈಗೆ ಬರುವುದು 21,000. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪೆನ್ಶನ್ ಇಲ್ಲ. ವಿಶೇಷ ಕಾರಣ, ಮೇಲಿನವರ ಅನುಮತಿ ಇಲ್ಲದೆ ನಡುವೆ ಬಿಡುವಂತಿಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಮಗನನ್ನು ಕಳಿಸುವಾಗ ಈ ಲೆಕ್ಕ ಓದಿದೆವೆ?

ಮೂರನೆಯದು ಅಂತಃಕರಣ. ಕಂಡ ಅನ್ಯಾಯಕ್ಕೆ ಮನಸ್ಸು ಮುರಿದಿದ್ದರೆ ಅದು ಹೇಡಿತನವಲ್ಲ. 1950ರ ಸೇನಾ ಕಾಯ್ದೆಯೂ ಶಿಕ್ಷೆ ಇಟ್ಟಿರುವುದು ನ್ಯಾಯಬದ್ಧ ಆಜ್ಞೆಯನ್ನು ಮೀರಿದವನಿಗೆ. ಸಮವಸ್ತ್ರ ತೊಟ್ಟವನು ತನ್ನ ಆತ್ಮಸಾಕ್ಷಿಯನ್ನು ಒತ್ತೆ ಇಟ್ಟಿರುವುದಿಲ್ಲ. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರೂ ಅರಸನ ಸೇವೆಯಲ್ಲಿ ಇದ್ದವರೇ. ಅರಸನ ದಾರಿ ಧರ್ಮಕ್ಕೆ ಹೊರತಾದಾಗ ಪದವಿ ತೊರೆದು ಕೂಡಲಸಂಗಮಕ್ಕೆ ನಡೆದರು. ಆದರೆ ಅವರು ಕದ್ದು ಹೋಗಲಿಲ್ಲ. ಇಂದು ಹೇಳದೆ ಓಡಿಬರುವುದು ಅಪರಾಧ; ಜೊತೆಯ ಜವಾನರಿಗೆ ಮಾಡಿದ ಮೋಸವೂ ಹೌದು. ಮೇಲಧಿಕಾರಿಗೆ ತಿಳಿಸಿ, ಕರಾರಿನ ದಿನ ಮುಗಿಸಿ, ತಲೆಯೆತ್ತಿ ಬರುವುದು ಶರಣರ ಮಾರ್ಗ.

ಇನ್ನು ಮನೆಯವರ ಪಾಲು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳಿಸಿದರು. ಕಾಯಕ ಬಿಡು ಎನ್ನಲಿಲ್ಲ, ಅದರೊಳಗೆ ನುಸುಳಿದ ಆಸೆಯನ್ನು ತೋರಿಸಿಕೊಟ್ಟರು. ಮಗನನ್ನು ಕಳಿಸುವಾಗ ನಮ್ಮೊಳಗಿನ ಆಸೆ ಯಾವುದು? ದೇಶಸೇವೆಯೋ, ಸೊಸೈಟಿಯ ಸಾಲವೋ? ಸಾಲಕ್ಕಾಗಿ ಕಳಿಸಿ ದೇಶದ ಹೆಸರು ಹೇಳಿದರೆ ಅಲ್ಲಿ ಕಾಯಕದ ಸತ್ಯ ತಪ್ಪುತ್ತದೆ. ಆ 11.71 ಲಕ್ಷ ಅವನ ಬೆವರು. ತಂಗಿಯ ಮದುವೆಗೆ, ಬೋರ್‌ವೆಲ್ಲಿಗೆ ಎಂದು ಮೊದಲೇ ಹಂಚಬೇಡಿ. ಅವನ ಮುಂದಿನ ಬದುಕಿಗೆ ಅದೇ ಬೀಜ.

ಹಾರ ಹಾಕಿ ಕಳಿಸಿದ ಊರು ಬರಿಗೊರಳಲ್ಲಿ ಬಂದವನಿಗೂ ಬಾಗಿಲು ತೆರೆಯಲಿ. "ಯಾಕೆ ಬಂದೆ" ಎನ್ನುವ ಮೊದಲು "ಉಂಡೆಯಾ" ಎಂದು ಕೇಳೋಣ. ಮಠದ ಬಾಗಿಲೂ ಅವನಿಗೆ ತೆರೆದೇ ಇದೆ.