ವಿದ್ಯೆಯೂ ವೇತನವೂ

ವಿದ್ಯಾರ್ಥಿಗೆ ಅನ್ನವಿಕ್ಕುವುದನ್ನು ಕೊಪ್ಪ, ಶೃಂಗೇರಿ ಸೀಮೆಗಳ ಗೃಹಸ್ಥರು ಧರ್ಮವೆಂದೇ ಬಗೆದವರು. ಹಸಿದವನಿಗೆ ಶಾಸ್ತ್ರಚಿಂತನೆ ಸಾಗದೆಂಬುದನ್ನು ಅವರು ಬಲ್ಲರು. ಪರದೇಶದಲ್ಲಿ ಸಂಶೋಧನೆಗೆ ತೊಡಗುವ ತರುಣನಾದರೋ ಶಿಷ್ಯನೂ ಅಲ್ಲ, ಆಚಾರ್ಯನೂ ಅಲ್ಲ. ಅವನ ವೇತನ ಬಹುಧಾ ಒಂದೆರಡು ವರ್ಷಗಳ ಅವಧಿಯದು. ಅನೇಕ ಕಡೆ ನಿವೃತ್ತಿವೇತನದ ಭಾಗವೂ ಅವನಿಗಿಲ್ಲ. ಅವನು ಬಾಯಿ ತೆರೆದರೆ, ವಿದ್ಯೆಗೆ ಬೆಲೆ ಕಟ್ಟಬಾರದೆಂಬ ಉಪದೇಶ ಸಿದ್ಧವಾಗಿರುತ್ತದೆ.

ಬೆಂಗಳೂರಿನ ಸಿ. ಎನ್. ಆರ್. ರಾಯರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದು, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ತಿಂಗಳಿಗೆ 500 ರೂಪಾಯಿಯ ಉಪನ್ಯಾಸಕರಾಗಿ ಬಂದರು. ಆ ಮರಳುವಿಕೆ ಅವರದೇ ಸಂಕಲ್ಪ. ಆದುದರಿಂದಲೇ ಅದು ಭೂಷಣವಾಯಿತು. ಕೊಡತಕ್ಕವನೇ ಕೊಡದೆ ನಿಂತು, ಪಡೆಯದವನನ್ನು ತ್ಯಾಗಿಯೆಂದು ಹೊಗಳುವುದಾದರೆ ಅದು ಋಣವನ್ನು ಮರೆಸುವ ಉಪಾಯ. ತ್ಯಾಗವು ಮಾಡುವವನ ಗುಣ, ಮಾಡಿಸುವವನ ಹಕ್ಕಲ್ಲ.