ಕೊಂದ ಮೇಲಿನ ಮಾತು

ಯಾವುದೂ ಸತ್ಯವಲ್ಲ, ಯಾವುದಕ್ಕೂ ತಡೆಯಿಲ್ಲ ಎಂದು ಸಾರುವ ಪಂಥವೊಂದು ನಿರಪರಾಧಿಗಳ ಮೇಲೆ ಕತ್ತಿ ಎತ್ತಕೂಡದೆಂದೂ ಕಟ್ಟಪ್ಪಣೆ ಮಾಡುತ್ತದೆ. ಸತ್ಯವೇ ಇಲ್ಲದಿದ್ದರೆ ಆ ಕಟ್ಟಪ್ಪಣೆ ನಿಂತಿರುವುದು ಯಾವುದರ ಮೇಲೆ? ಯೂಬಿಸಾಫ್ಟ್ ಕಂಪನಿಯ ‘ಅಸ್ಯಾಸಿನ್ಸ್ ಕ್ರೀಡ್’ ವಿಡಿಯೋ ಗೇಮ್ ಸರಣಿ 2007ರಲ್ಲಿ ಶುರುವಾದಾಗಿನಿಂದ ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದೆ. ಮೂರನೇ ಧರ್ಮಯುದ್ಧದ ಕಾಲದ ಜೆರುಸಲೇಮಿನಿಂದ ಹೊರಟು 2025ರ ‘ಶ್ಯಾಡೋಸ್’ನಲ್ಲಿ ಹದಿನಾರನೇ ಶತಮಾನದ ಜಪಾನಿಗೆ ಬಂದು ಮುಟ್ಟಿದರೂ ಅದು ಇಳಿದಿಲ್ಲ. ಅಭಿಮಾನಿಗಳು ಹೆಚ್ಚಾಗಿ ವಾದಿಸುವುದು ಯಾವ ಊರಿನ ಗೋಪುರ ಹತ್ತುವುದು ಚೆಂದ, ನಾಯಕರಲ್ಲಿ ಅಲ್ತಾಯಿರ್ ದೊಡ್ಡವನೋ ಎಜಿಯೋ ದೊಡ್ಡವನೋ ಎಂಬುದರ ಬಗ್ಗೆ. ಆ ವಾದಕ್ಕೂ ಅದರದೇ ಸುಖವಿದೆ. ಆದರೆ ಈ ಆಟಗಳ ಗುಣ ನಿರ್ಧಾರವಾಗುವುದು ಬೇರೊಂದು ಕಡೆ ಎಂದು ನಾನು ನಂಬಿದ್ದೇನೆ. ಕೊಲೆಯ ಹೊಣೆಯನ್ನು ಕೊಂದವನಿಗೇ ಅಂಟಿಸಿದ ಆಟಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿವೆ. ಆ ಹೊಣೆಯನ್ನು ಸುಲಭವಾಗಿ ತೊಳೆದುಬಿಟ್ಟ ಆಟಗಳಲ್ಲಿ, ಭೂಪಟ ಎಷ್ಟೇ ಹಿರಿದಾಗಿರಲಿ, ಸೂತ್ರ ಬರೀ ಘೋಷಣೆಯಾಗಿ ಉಳಿದಿದೆ.

ಸೂತ್ರದ ಹುಟ್ಟಿನ ಬಗ್ಗೆ ಮೊದಲೇ ಹೇಳಿಬಿಡಬೇಕು, ಏಕೆಂದರೆ ಇಲ್ಲಿ ಒಂದು ಜೀವಂತ ಸಮುದಾಯಕ್ಕೆ ಅನ್ಯಾಯವಾಗಿದೆ. ಆಟದ ಹಂತಕ ಪಂಥಕ್ಕೆ ಮೂಲ ನಿಜಾರಿ ಇಸ್ಮಾಯಿಲಿಗಳು. ಹಸನ್ ಸಬ್ಬಾಹ್ 1090ರಲ್ಲಿ ಉತ್ತರ ಇರಾನಿನ ಅಲಮೂತ್ ಕೋಟೆ ಹಿಡಿದು ಕಟ್ಟಿದ ರಾಜ್ಯ 1256ರಲ್ಲಿ ಮಂಗೋಲರ ಕೈಗೆ ಬೀಳುವವರೆಗೂ ಉಳಿದಿತ್ತು. ಅವರ ಮುಖ್ಯ ಸಿದ್ಧಾಂತ ಆಟದ ಸೂತ್ರಕ್ಕೆ ನೇರ ವಿರುದ್ಧ: ಸತ್ಯವಿದೆ, ಆದರೆ ಮನುಷ್ಯನ ಬುದ್ಧಿಯೊಂದೇ ಅದನ್ನು ತಲುಪಲಾರದು, ಅಧಿಕಾರವುಳ್ಳ ಗುರುವಾದ ಇಮಾಮನೇ ಅದನ್ನು ಕಲಿಸಬೇಕು. ಅಲಮೂತಿನ ಗ್ರಂಥಾಲಯವನ್ನು ಮಂಗೋಲರ ಆಸ್ಥಾನದ ಇತಿಹಾಸಕಾರ ಜುವೈನಿ ಸುಡಿಸಿದ್ದರಿಂದ ಅವರ ಸ್ವಂತ ಮಾತು ಬಹುಪಾಲು ನಾಶವಾಯಿತು. ಉಳಿದುಕೊಂಡದ್ದು ವೈರಿಗಳ ಬರಹ, ಮಾರ್ಕೊ ಪೋಲೊ ಹೇಳಿದ ಸ್ವರ್ಗದ ತೋಟದ ಕಥೆಯಂಥ ವದಂತಿ. ತತ್ವಜ್ಞಾನಿ ನೀಷೆ 1887ರಲ್ಲಿ ಈ ಸೂತ್ರವನ್ನು ನಿಜಾರಿಗಳ ಬಾಯಿಗೆ ಹಾಕಿದ. ಸ್ಲೊವೇನಿಯಾದ ಲೇಖಕ ವ್ಲಾದಿಮಿರ್ ಬಾರ್ತೊಲ್ 1938ರಲ್ಲಿ ‘ಅಲಮೂತ್’ ಕಾದಂಬರಿ ಬರೆದ. ಆಟದವರಿಗೆ ಸ್ಫೂರ್ತಿಯಾದದ್ದು ಅದು. ಆಗಾಖಾನರನ್ನು ಇಮಾಮರೆಂದು ನಂಬುವ ನಿಜಾರಿಗಳು ಇವತ್ತಿಗೂ ಇದ್ದಾರೆ; ಮುಂಬಯಿ, ಗುಜರಾತುಗಳ ಖೋಜಾಗಳಲ್ಲಿ ಬಹಳ ಮಂದಿ ಅವರೇ. ಬೇರೆಬೇರೆ ಧರ್ಮದವರು ಸೇರಿ ಮಾಡಿದ ಆಟವೆಂದು ಶುರುವಿನಲ್ಲಿ ಪರದೆಯ ಮೇಲೆ ಬರುವ ಸಾಲಿನಿಂದ ಈ ಋಣ ತೀರುವುದಿಲ್ಲ. ಹಾಗಾಗಿ ಈ ತತ್ವವನ್ನು ಇಸ್ಲಾಮಿನ ಒಂದು ಶಾಖೆಯದೆಂದು ಓದದೆ, ದೇವರ ಮೇಲಿನ ಭರವಸೆ ಸಡಿಲವಾದ ಆಧುನಿಕ ಯುರೋಪಿನ ಪ್ರಶ್ನೆಯೆಂದೇ ಓದುವುದು ನ್ಯಾಯ.

ಹಾಗೆ ಓದಿದಾಗ ಮೊದಲ ಆಟವೇ ಇಡೀ ಸರಣಿಯಲ್ಲಿ ಆಳವಾದದ್ದು ಅನಿಸುತ್ತದೆ. ಅದರಲ್ಲಿ ಮಾಡುವ ಕೆಲಸಗಳು ಒಂದೇ ಥರ, ಬೇಸರ ಬರುತ್ತದೆ ಎಂಬ ದೂರು ನಿಜವೇ. ಆದರೆ ಅಕ್ರಾ ನಗರದ ಆಸ್ಪತ್ರೆಯ ಪ್ರಸಂಗ ನೋಡಿ. ಹಾಸ್ಪಿಟಲರ್ ಪಂಥದ ಮುಖ್ಯಸ್ಥ ಗಾರ್ನಿಯೆ ಅಲ್ಲಿ ಬುದ್ಧಿಭ್ರಮಣೆಯಾದವರ ಮೇಲೆ ಪ್ರಯೋಗ ನಡೆಸುತ್ತಿದ್ದಾನೆ. ತಪ್ಪಿಸಿಕೊಂಡು ಓಡಿದ ರೋಗಿಯೊಬ್ಬನನ್ನು ಹಿಡಿದು ತರುತ್ತಾರೆ. ಎರಡೂ ಕಾಲು ಮುರಿಯಿರಿ ಎಂದು ಇವನು ಅಪ್ಪಣೆ ಕೊಡುತ್ತಾನೆ. ಇಷ್ಟು ಕಂಡ ಮೇಲೆ ಆಟಗಾರನ ಕೈ ಹಿಂದೆ ಮುಂದೆ ನೋಡುವುದಿಲ್ಲ. ಕತ್ತಿ ಇಳಿದ ಕೂಡಲೇ ಆಸ್ಪತ್ರೆ, ಗದ್ದಲ, ಕಾವಲುಗಾರರು ಎಲ್ಲ ಮಾಯವಾಗಿ ಒಂದು ಬರಿದಾದ ಜಾಗದಲ್ಲಿ ಕೊಂದವನು, ಸಾಯುತ್ತಿರುವವನು ಇಬ್ಬರೇ ಉಳಿಯುತ್ತಾರೆ. ಗಾರ್ನಿಯೆ ಅಲ್ಲಿ ಕ್ಷಮೆ ಕೇಳುವುದಿಲ್ಲ. ನಾನು ಹೋದ ಮೇಲೆ ಇವರನ್ನು ನೋಡಿಕೊಳ್ಳುವವರಾರು ಎಂದು ಕಳವಳಪಡುತ್ತಾನೆ. ತಾನು ಮಾಡಿದ್ದು ಉಪಕಾರವೆಂದೇ ನಂಬಿ ಸಾಯುತ್ತಾನೆ. ಒಬ್ಬೊಬ್ಬ ಬಲಿಯೂ ಹೀಗೆ ತನ್ನ ಪಕ್ಷದ ಮಾತನ್ನು ಹೇಳಿಯೇ ಹೋಗುತ್ತಾನೆ. ಆಟದ ನಾಯಕ ಅಲ್ತಾಯಿರ್ ಹಿಂದಿರುಗಿ ಗುರು ಅಲ್ ಮುಅಲಿಮನನ್ನು ಪ್ರಶ್ನಿಸತೊಡಗುತ್ತಾನೆ, ಕೊನೆಗೆ ಅವನೂ ಈ ಬಲಿಗಳ ಸಂಚಿನಲ್ಲಿ ಸೇರಿದವನೇ ಎಂದು ಕಂಡುಕೊಳ್ಳುತ್ತಾನೆ. ಬೇಕಾದ ಉತ್ತರ ಇಲ್ಲಿದೆ. ಪೂರ್ಣಸತ್ಯ ತನ್ನ ಕೈಲಿದೆ ಎಂದುಕೊಂಡವನು ಸಾಯುವವನ ಮಾತಿಗೆ ಕಿವಿಗೊಡಬೇಕಾಗಿಲ್ಲ. ತೀರ್ಪು ಮೊದಲೇ ಆಗಿಹೋಗಿರುತ್ತದೆ. ಕೈಲಿರುವುದು ಅರೆಸತ್ಯ ಎಂದು ಬಲ್ಲವನು ಕಿವಿಗೊಡಲೇಬೇಕು, ಕೇಳಿದ್ದನ್ನು ಹೊತ್ತುಕೊಂಡೇ ಮುಂದಿನ ಕೆಲಸಕ್ಕೆ ಹೋಗಬೇಕು. ನಿರಪರಾಧಿಯನ್ನು ಮುಟ್ಟಕೂಡದೆಂಬ ನಿಯಮ ಹುಟ್ಟುವುದು ಈ ಅನಿಶ್ಚಯದಿಂದಲೇ: ನನ್ನ ತಿಳಿವು ತಪ್ಪಿರಬಹುದು, ಹೋದ ಜೀವವನ್ನಂತೂ ಮರಳಿ ಕೊಡಲಾರೆ.

2011ರ ‘ರೆವೆಲೇಶನ್ಸ್’ನಲ್ಲಿ ಮುದಿ ಎಜಿಯೋ ಇದೇ ಮಾತನ್ನು ಸೋಫಿಯಾ ಎಂಬವಳಿಗೆ ಬಿಡಿಸಿ ಹೇಳುತ್ತಾನೆ. ಸಮಾಜದ ಬುನಾದಿ ದುರ್ಬಲವಾದದ್ದು, ಅದನ್ನು ಕಾಯಬೇಕಾದವರು ನಾವೇ. ನಮ್ಮ ಕೆಲಸಗಳಿಗೆ ನಾವೇ ಕರ್ತರು, ಫಲ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಉಣ್ಣಬೇಕಾದವರೂ ನಾವೇ ಎಂಬುದು ಅವನ ವ್ಯಾಖ್ಯಾನದ ಸಾರ. ಮಾತು ಸೊಗಸಾಗಿದೆ, ಆದರೂ ಅದು ಪ್ರವಚನ. ಕರ್ತೃತ್ವ ಅಂದರೆ ಏನೆಂದು ಅನುಭವಕ್ಕೆ ತಂದುಕೊಟ್ಟದ್ದು 2014ರ ‘ರೋಗ್’. ಬಹಳ ಮಂದಿ ಕಡೆಗಣಿಸಿದ ಆ ಆಟ ನನ್ನ ಲೆಕ್ಕದಲ್ಲಿ ಮೊದಲನೆಯದರ ಪಕ್ಕಕ್ಕೇ ನಿಲ್ಲುತ್ತದೆ. ಹಂತಕ ಪಂಥದ ಶೇ ಕಾರ್ಮಕ್ ಹಿರಿಯರ ಅಪ್ಪಣೆಯಂತೆ ಲಿಸ್ಬನ್ನಿಗೆ ಹೋಗಿ ಇಗರ್ಜಿಯೊಂದರ ನೆಲದಡಿಯ ಪುರಾತನ ವಸ್ತುವಿಗೆ ಕೈ ಹಾಕುತ್ತಾನೆ. ನಗರ ಅವನ ಕಣ್ಣೆದುರೇ ಕುಸಿಯುತ್ತದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಪೂಜೆಗೆ ಸೇರಿದ್ದಾಗ ಬಡಿದ ನಿಜವಾದ ಭೂಕಂಪ, ಅದರ ಹಿಂದೆಯೇ ಬಂದ ಸುನಾಮಿ ಮತ್ತು ಬೆಂಕಿ ಯುರೋಪಿನ ದೇವರ ನಂಬಿಕೆಯನ್ನೇ ಅಲುಗಾಡಿಸಿದವು. ದಯಾಮಯ ದೇವರ ಜಗತ್ತಿನಲ್ಲಿ ಇದಕ್ಕೆ ಏನು ಅರ್ಥ ಎಂದು ವಾಲ್ಟೇರ್ ಕವಿತೆಯಲ್ಲೂ 1759ರ ‘ಕ್ಯಾಂಡೀಡ್’ನಲ್ಲೂ ಕೇಳಿದ. ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದು ರೂಸೋ 1756ರ ಪತ್ರದಲ್ಲಿ ಉತ್ತರಿಸಿದ. ಆಟ ರೂಸೋನ ದಾರಿಯಲ್ಲಿ ಇನ್ನೂ ಬಹುದೂರ ಹೋಗಿ, ಇಡೀ ದುರಂತವನ್ನೇ ಒಬ್ಬ ಮನುಷ್ಯನ ಕೈಗೆ ಕಟ್ಟುತ್ತದೆ. ಇತಿಹಾಸವೆಂದು ನೋಡಿದರೆ ಇದು ಕಟ್ಟುಕಥೆ. ಸತ್ತವರ ವಿಷಯದಲ್ಲಿ ತುಸು ಒರಟೂ ಹೌದು. ಆದರೆ ಶೇ ಹಿಂದಿರುಗಿ ಕೇಳಿದಾಗ ಅವನ ಮುಖಂಡ ಅಕಿಲೀಸ್ ಹೊಣೆ ಹೊರಲು ಒಪ್ಪುವುದಿಲ್ಲ, ಶೇ ವೈರಿಗಳಾದ ಟೆಂಪ್ಲರರ ಕಡೆ ಸೇರುತ್ತಾನೆ. ಯಾವುದಕ್ಕೂ ತಡೆಯಿಲ್ಲ ಎಂದು ಬೋಧಿಸುವ ಪಂಥ ಮಾಡಿದ್ದಕ್ಕೆ ಉತ್ತರ ಹೇಳದಿದ್ದರೆ, ಅದಕ್ಕೂ ಅದು ವಿರೋಧಿಸುವ ಸರ್ವಾಧಿಕಾರಿಗಳಿಗೂ ಅಂತರವೇ ಉಳಿಯುವುದಿಲ್ಲ ಎಂದು ಸರಣಿ ತನ್ನ ಮೇಲೆಯೇ ಹೇಳಿಕೊಂಡ ಕಟು ಮಾತು ಇದು.

ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಕಾವಲುಗಾರರ ಕುರಿತದ್ದು. ಗಾರ್ನಿಯೆಗೆ ಸಾಯುವಾಗ ಮಾತಾಡುವ ಹಕ್ಕಿದೆ. ಅವನ ಬಾಗಿಲು ಕಾಯುವ ಸಂಬಳದಾಳಿಗೆ ಅದಿಲ್ಲ. ಅಂಥವರು ಪ್ರತಿ ಆಟದಲ್ಲೂ ನೂರಾರು ಮಂದಿ ಸಾಯುತ್ತಾರೆ. ನಿರಪರಾಧಿ ಎಂಬ ವರ್ಗದಿಂದ ಅವರನ್ನು ಹೊರಗಿಟ್ಟವರು ಯಾರು? ಈ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ನನ್ನಲ್ಲಿಲ್ಲ, ಸರಣಿಯಲ್ಲೂ ಇಲ್ಲ. ಯಾರ ಕಣ್ಣಿಗೂ ಬೀಳದೆ, ಗುರಿಯಾದವನನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟದೆ ಕೆಲಸ ಮುಗಿಸುವ ದಾರಿಯನ್ನು ಹಲವು ಕಡೆ ಬಿಟ್ಟಿದ್ದಾರೆ. ಆ ದಾರಿ ಹಿಡಿಯುವುದು ಆಟಗಾರನಿಗೆ ಸೇರಿದ್ದು. ಆದರೆ ಇದರಿಂದ ನನ್ನ ವಾದ ಬೀಳುವುದಿಲ್ಲ. ಮಾತಿಲ್ಲದೆ ಸತ್ತ ಕಾವಲುಗಾರ ನಮ್ಮನ್ನು ಕಾಡುತ್ತಾನೆ ಅಂದರೆ, ಮಾತಾಡಿ ಸತ್ತವನು ನಮ್ಮಲ್ಲಿ ಒಂದು ಅಳತೆಗೋಲು ಉಳಿಸಿ ಹೋಗಿದ್ದಾನೆ ಎಂದರ್ಥ.

ಎರಡನೇ ಆಕ್ಷೇಪ ಹೆಚ್ಚು ಸೂಕ್ಷ್ಮ. ಆಟದ ಕಥೆಯಂತೆ ನಾವು ನಡೆಸುವುದು ಅನಿಮಸ್ ಎಂಬ ಯಂತ್ರದೊಳಗೆ ಪೂರ್ವಜನೊಬ್ಬನ ನೆನಪನ್ನು. ಆಗಬೇಕಾದದ್ದೆಲ್ಲ ಆಗಿಹೋಗಿದೆ. ಮೊದಲ ಆಟದಲ್ಲಿ ಬೀದಿಯ ಜನರನ್ನು ಕೊಂದರೆ ಅಲ್ತಾಯಿರ್ ಹೀಗೆ ಮಾಡಿರಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಪೂರ್ವಜನ ನೆನಪಿನೊಂದಿಗಿನ ಹೊಂದಿಕೆ (ಸಿಂಕ್) ಕಡಿಮೆಯಾಗುತ್ತದೆ, ಮುಂದುವರಿಸಿದರೆ ನೆನಪೇ ಕಡಿದುಹೋಗುತ್ತದೆ. ಅದು ಪಾಪವೆಂದು ಆಟ ತಡೆಯುವುದಿಲ್ಲ, ನಡೆದಿಲ್ಲವೆಂದು ತಡೆಯುತ್ತದೆ. ಹೀಗಿರುವಾಗ ಆಟಗಾರ ನಿಮಿತ್ತ ಮಾತ್ರನಲ್ಲವೇ, ಅವನಿಗೆಲ್ಲಿಯ ಹೊಣೆ? ಗೀತೆ ಬಲ್ಲ ನಮಗೆ ಈ ಸನ್ನಿವೇಶ ಹೊಸದಲ್ಲ. ಕೃಷ್ಣ ವಿಶ್ವರೂಪದಲ್ಲಿ ತೋರಿಸುವುದೂ ಆಗಲೇ ಹತರಾದ ಯೋಧರನ್ನೇ. ಕೊಲ್ಲುವ ಕೈ ಅರ್ಜುನನದಾದರೂ ಅವರನ್ನು ಮೊದಲೇ ಕೊಂದವನು ಕಾಲಪುರುಷ. ಆ ದರ್ಶನ ಅರ್ಜುನನ ಭಾರವನ್ನು ಇಳಿಸುತ್ತದೆ. ಆಟದಲ್ಲಿ ಭಾರ ಇಳಿಸುವ ವಿಶ್ವರೂಪವಿಲ್ಲ, ಎದುರಿಗಿರುವುದು ಸಾಯುತ್ತಿರುವವನ ಮುಖ. ನಡೆದುಹೋದದ್ದನ್ನು ಬದಲಿಸಲಾಗದು ಎಂಬುದಕ್ಕೂ ಅದಕ್ಕೆ ಯಾರೂ ಹೊಣೆಯಲ್ಲ ಎಂಬುದಕ್ಕೂ ಅಜಗಜಾಂತರವಿದೆ. ಅಲ್ತಾಯಿರ್‌ನ ಕೈಯಲ್ಲಿ ಸೇರಿಕೊಂಡು ಕೊಲ್ಲುವ ನಾವು ಅವನ ಸಂಶಯದಲ್ಲೂ ಸೇರಿಕೊಳ್ಳಬೇಕಾಗುತ್ತದೆ.

ಈ ಕಟ್ಟು ಸಡಿಲವಾದದ್ದು 2018ರ ‘ಒಡಿಸ್ಸಿ’ಯಲ್ಲಿ. ಕ್ರಿಸ್ತಪೂರ್ವ ಐದನೇ ಶತಮಾನದ ಆ ಗ್ರೀಸಿನಲ್ಲಿ ದಾರಿಹೋಕನನ್ನು ಕೊಂದರೆ ನೆನಪು ಕಡಿಯುವುದಿಲ್ಲ. ತಲೆಗೊಂದು ಬೆಲೆ ಕಟ್ಟುತ್ತಾರೆ, ಬಾಡಿಗೆ ಯೋಧರು ಬೆನ್ನು ಹತ್ತುತ್ತಾರೆ, ದ್ರಾಕ್ಮಾ ಎಣಿಸಿ ಕೊಟ್ಟರೆ ಆ ಲೆಕ್ಕ ಚುಕ್ತಾ. ನಾಯಕಿ ಕಸ್ಸಾಂದ್ರ ಕೂಲಿ ಯೋಧೆ, ಹಂತಕ ಪಂಥ ಆಗ ಹುಟ್ಟಿಯೇ ಇರಲಿಲ್ಲ, ಅವಳಿಗೆ ಆ ನಿಯಮ ಅನ್ವಯಿಸುವುದು ಸರಿಯಲ್ಲ ಎಂದು ಈ ಆಟದ ಪ್ರಿಯರು ಹೇಳುತ್ತಾರೆ. ಕಥೆಯ ಮಟ್ಟಿಗೆ ಅದು ಸರಿ. ಆದರೆ ನಿಯಮ ತೆಗೆದ ಜಾಗದಲ್ಲಿ ಆಟ ಮಾಡಿದವರು ಇಟ್ಟದ್ದು ದಂಡದ ಹಣವನ್ನು. ಅಷ್ಟಾಗಿಯೂ ಅದೇ ಆಟದ ಆರಂಭದಲ್ಲಿ, ಕೆಫಲೋನಿಯಾ ದ್ವೀಪದಲ್ಲಿ, ಒಂದು ಚಿಕ್ಕ ಪ್ರಸಂಗವಿದೆ. ಜ್ವರ ಬಡಿದ ಊರಿನಲ್ಲಿ ಉಳಿದಿರುವ ಒಂದು ಕುಟುಂಬವನ್ನು ಕೊಲ್ಲಲು ಪುರೋಹಿತರು ನಿಂತಿದ್ದಾರೆ. ದಯೆಯಿಂದ ಆ ಕುಟುಂಬವನ್ನು ಉಳಿಸಿದರೆ ಮೆಚ್ಚುಗೆಯೂ ಸಿಗುತ್ತದೆ, ಕಥೆಯೂ ಮುಂದಕ್ಕೆ ಸಾಗುತ್ತದೆ. ಬಹಳ ದಿನ ಕಳೆದು ಆ ದ್ವೀಪಕ್ಕೆ ಮರಳಿದರೆ ರೋಗ ಎಲ್ಲೆಡೆ ಹಬ್ಬಿರುತ್ತದೆ. ಅಲ್ಲಿ ದ್ರಾಕ್ಮಾ ಕೊಟ್ಟು ತೀರಿಸುವ ಬಾಬ್ತು ಯಾವುದೂ ಇಲ್ಲ. ದಯೆ ತಪ್ಪಾಗಿತ್ತೆಂದು ಗದರಿಸುವ ಪಾತ್ರವೂ ಇಲ್ಲ. ಇಂಥ ಪ್ರಸಂಗ ಬರೆಯಬಲ್ಲವರು ಉಳಿದ ನೂರು ಗಂಟೆಯ ಆಟವನ್ನು ದಂಡದ ಹಣಕ್ಕೆ ಒಪ್ಪಿಸಿಬಿಟ್ಟದ್ದೇ ಅಭಿಮಾನಿಯಾಗಿ ನನಗಿರುವ ದೊಡ್ಡ ತಕರಾರು.