ಕರಗಿಹೋದ ಸಾಕ್ಷಿ

ಅಯೋಡಿನ್-131ರ ಅರ್ಧಾಯು 8 ದಿನ. 1986ರ ಏಪ್ರಿಲ್ 26ರ ನಸುಕಿಗೂ ಮುನ್ನ ಚೆರ್ನೋಬಿಲ್‌ನ ನಾಲ್ಕನೇ ರಿಯಾಕ್ಟರ್ ಸಿಡಿದಾಗ ಗಾಳಿ ಸೇರಿದ ಈ ವಿಕಿರಣಶೀಲ ವಿಷ ಉಕ್ರೇನ್, ಬೆಲಾರೂಸ್‌ಗಳ ಹುಲ್ಲುಗಾವಲಿಗಿಳಿಯಿತು. ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಕ್ಕಳ ಥೈರಾಯ್ಡ್ ಗ್ರಂಥಿಗೆ ಸೇರಿತು. 80 ದಿನ ಕಳೆಯುವಷ್ಟರಲ್ಲಿ ಅದರ ಸಾವಿರದಲ್ಲೊಂದು ಪಾಲೂ ಉಳಿದಿರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಮಕ್ಕಳ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಾಗ, ಅದಕ್ಕೆ ಕಾರಣವಾದದ್ದು ಎಲ್ಲಿಯೂ ಇರಲಿಲ್ಲ.

ಎಲ್ಲವೂ ಅಳಿಯುತ್ತದೆ ಎಂಬ ಮಾತನ್ನು ನಾವು ಸಾವಿನ ಮನೆಯಲ್ಲಿ ಸಮಾಧಾನಕ್ಕೆ ಆಡುತ್ತೇವೆ. ಇಲ್ಲಿ ಆ ಮಾತಿನಿಂದ ಸಮಾಧಾನ ಸಿಗುವುದಿಲ್ಲ. ಅಳಿದದ್ದು ಸಾಕ್ಷಿ, ಅದು ಅಳಿಯುವುದನ್ನೇ ಕಾದಿದ್ದವರೂ ಇದ್ದರು. ಯಾವ ಊರಿನ ಮಣ್ಣಲ್ಲಿ ಎಷ್ಟು ವಿಕಿರಣವಿದೆ ಎಂಬ ನಕ್ಷೆ ಸೋವಿಯತ್ ಪತ್ರಿಕೆಗಳಲ್ಲಿ ಅಚ್ಚಾಗಲು 1989 ಬರಬೇಕಾಯಿತು.

ಹಾಗಾದರೆ ಯಾರ ಮಾತು ನಂಬುವುದು? 1992ರಲ್ಲಿ ಬೆಲಾರೂಸ್‌ನ ವೈದ್ಯರು ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರುತ್ತಿದೆ ಎಂದು ಬರೆದರು. ಹೊರಗಿನ ಹಲವು ತಜ್ಞರು ಅನುಮಾನಿಸಿದರು: ಇಷ್ಟು ಬೇಗ ಬರಲಾರದು, ತಪಾಸಣೆ ಹೆಚ್ಚಾದ್ದರಿಂದ ಹೆಚ್ಚು ಕಾಣುತ್ತಿರಬೇಕು ಎಂದರು. ಕೊನೆಗೆ ನಿಜವಾದದ್ದು ಸ್ಥಳೀಯ ವೈದ್ಯರ ಮಾತು. ಅತ್ತ ರಿಯಾಕ್ಟರಿನ ಕೆಳಗೆ ತುಂಬಿದ್ದ ನೀರನ್ನು ಹೊರಬಿಡಲು ಹೋದ ಮೂವರು ಕೆಲವೇ ವಾರಗಳಲ್ಲಿ ಸತ್ತರೆಂಬ ಕಥೆಯನ್ನು ಜಗತ್ತು ಮರುಮಾತಿಲ್ಲದೆ ನಂಬಿತು. ಅವರಲ್ಲೊಬ್ಬರು 2005ರವರೆಗೆ ಬದುಕಿದ್ದರು, ಉಳಿದಿಬ್ಬರು ಅದಾದ ಮೇಲೂ. ಅವರ ಧೈರ್ಯಕ್ಕೆ ಸಾವಿನ ಅಲಂಕಾರ ಬೇಕಿರಲಿಲ್ಲ. ಮನಸ್ಸಿಗೆ ಹಿಡಿಸುವ ದುರಂತವನ್ನು ನಾವು ಸುಲಭವಾಗಿ ಒಪ್ಪುತ್ತೇವೆ, ನಮ್ಮ ಲೆಕ್ಕಕ್ಕೆ ಒಗ್ಗದ ನೋವನ್ನು ತಳ್ಳಿಹಾಕುತ್ತೇವೆ.

ಸಾವಿನ ಸಂಖ್ಯೆಗಳನ್ನೂ ಹಾಗೆಯೇ ನೋಡಬೇಕು. 1986ರಲ್ಲಿ ತೀವ್ರ ವಿಕಿರಣ ಕಾಯಿಲೆಯಿಂದ ಸತ್ತವರು 28 ಮಂದಿ. ಆ 28ಕ್ಕೂ ಹೆಸರುಂಟು, ಸಮಾಧಿಯುಂಟು. ವಿಶ್ವಸಂಸ್ಥೆಯ ಸಂಸ್ಥೆಗಳು ಸೇರಿದ್ದ ಚೆರ್ನೋಬಿಲ್ ಫೋರಂನ 2005ರ ವರದಿ, ಅತಿ ಹೆಚ್ಚು ವಿಕಿರಣಕ್ಕೆ ಒಡ್ಡಿಕೊಂಡ ಸುಮಾರು 6 ಲಕ್ಷ ಜನರಲ್ಲಿ ಮುಂದೆ 4,000ದವರೆಗೆ ಸಾವು ಸಂಭವಿಸಬಹುದೆಂದಿತು. 2006ರಲ್ಲಿ ಗ್ರೀನ್‌ಪೀಸ್ ಹೇಳಿದ್ದು 93,000. ರಷ್ಯದ ವಿಜ್ಞಾನಿ ಯಾಬ್ಲೋಕೋವ್ ಮತ್ತು ಸಂಗಡಿಗರ ಪುಸ್ತಕದಲ್ಲಿ ಅದು 9,85,000. ಇವರೆಲ್ಲ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ಯಾವ ಜನ, ಎಷ್ಟು ವರ್ಷ, ಯಾವ ಸಾವನ್ನು ವಿಕಿರಣದ ಖಾತೆಗೆ ಬರೆಯುವುದು ಎಂಬುದು ಒಬ್ಬೊಬ್ಬರಲ್ಲೂ ಬೇರೆ. ಕೊನೆಯದರಲ್ಲಿ, 1991ರಲ್ಲಿ ಒಂದು ದೇಶವೇ ಕುಸಿದು ಬಡತನ, ಕುಡಿತ ಹೆಚ್ಚಿ ಸತ್ತವರೂ ಸೇರಿಕೊಂಡಿದ್ದಾರೆಂಬ ಆಕ್ಷೇಪ ನನಗೆ ಸರಿಯೆನಿಸುತ್ತದೆ. ಆದರೆ ಚಿಕ್ಕ ಸಂಖ್ಯೆ ಚಿಕ್ಕದಾಗಿದೆ ಎಂಬುದೇ ಅದರ ಪ್ರಾಮಾಣಿಕತೆಗೆ ಪುರಾವೆಯಲ್ಲ. ಇಪ್ಪತ್ತು ವರ್ಷದ ಮೇಲೆ ಕ್ಯಾನ್ಸರ್‌ನಿಂದ ತೀರಿಕೊಂಡವರ ದೇಹದಲ್ಲಿ ಯಾವ ಮೊಹರೂ ಇರುವುದಿಲ್ಲ. ಆ ಸಾವು ಇತರ ಸಾವುಗಳೊಡನೆ ಬೆರೆತುಹೋಗುತ್ತದೆ. ಬೆರೆತದ್ದಕ್ಕೇ ಅದು ಆಗಲಿಲ್ಲವೆನ್ನುವುದು ಕ್ರೂರತನ.

ನಾನು ನಂಬುವುದು, ತನಗೆ ಹೇಗೆ ತಿಳಿಯಿತೆಂದೂ ಎಲ್ಲಿಂದಾಚೆ ತಿಳಿಯದೆಂದೂ ಹೇಳುವ ವರದಿಯನ್ನು. ಅಂಥ ಕೆಲಸ ನಡೆದಿದೆ. ಅಯೋಡಿನ್-131 ಕರಗಿದರೂ ಅದರೊಡನೆ ಬಿದ್ದ ಅಯೋಡಿನ್-129 ಮಣ್ಣಲ್ಲಿ ಉಳಿದಿತ್ತು. ಅದರ ಅರ್ಧಾಯು ಒಂದೂವರೆ ಕೋಟಿ ವರ್ಷಕ್ಕೂ ಹೆಚ್ಚು. ಅದನ್ನು ಅಳೆದು, ಆ ಬೇಸಿಗೆಯಲ್ಲಿ ಮಗು ಎಷ್ಟು ಹಾಲು ಕುಡಿದಿತ್ತೆಂದು ತಾಯಂದಿರನ್ನು ಕೇಳಿ ವಿಜ್ಞಾನಿಗಳು ಮಕ್ಕಳಿಗೆ ತಗುಲಿದ್ದ ವಿಕಿರಣದ ಲೆಕ್ಕ ಕಟ್ಟಿದರು. ತಾಯಿಯ ನೆನಪೂ ಸವೆದಿರುತ್ತದೆ, ಆ ಸವಕಳಿಯನ್ನೂ ಲೆಕ್ಕದಲ್ಲಿ ಹಿಡಿದರು. ಇವೆಲ್ಲಕ್ಕೂ ಆಧಾರವಾಗಿ ನಿಂತದ್ದು, 1986ರ ಮೇ-ಜೂನ್‌ನಲ್ಲಿ ಅಯೋಡಿನ್ ಇನ್ನೂ ಇದ್ದಾಗಲೇ ಲಕ್ಷಾಂತರ ಜನರ ಕತ್ತಿಗೆ ಉಪಕರಣ ಹಿಡಿದು, ಬಂದ ಅಂಕಿಯನ್ನು ಬರೆದಿಟ್ಟವರ ಪಟ್ಟಿಗಳು.